ಮ್ಯಾರಥಾನ್ ಮುಗಿದ ಮೇಲೆ: ಫ್ಲೆಕ್ಸ್‌ನಿಂದ ಸಂತೆ ಚೀಲ

ಮಾಟುಂಗ ನಿಲ್ದಾಣದ ಮೆಟ್ಟಿಲಿನಲ್ಲಿ ನನ್ನ ಮುಂದೆ ಹತ್ತುತ್ತಿದ್ದವರ ಚೀಲದ ಹಿಡಿ ಕಿತ್ತುಬಂದು, ಎರಡು ಮಂಗಳೂರು ಸೌತೆ ಉರುಳುತ್ತಾ ಕೆಳಗಿನವರೆಗೂ ಹೋದವು. ಚೀಲ ಫ್ಲೆಕ್ಸಿನದು, ಮನೆಯಲ್ಲಿ ಹೊಲಿದದ್ದು. ಫ್ಲೆಕ್ಸ್ ಹರಿದಿರಲಿಲ್ಲ, ಹೊಲಿಗೆಯ ಗುಂಟ ಅಂಚೆಚೀಟಿಯಂತೆ ಬಿಡಿಸಿಕೊಂಡಿತ್ತು. ಇದೇ ತಪ್ಪನ್ನು ನಮ್ಮ ಕಟ್ಟಡದಲ್ಲಿ ನಾಲ್ಕು ಮಂದಿ ಮಾಡಿದ್ದಾರೆ. ಮೊದಲನೆಯವಳು ನಾನು.

ಜನವರಿಯ ಮೂರನೆಯ ಭಾನುವಾರ ಮುಂಬೈ ಮ್ಯಾರಥಾನ್ ಮುಗಿಯುತ್ತದೆ. ಬಡಾವಣೆಯ ಕ್ರಿಕೆಟ್ ಪಂದ್ಯಗಳೂ ಚಳಿಗಾಲದಲ್ಲೇ ನಡೆಯುತ್ತವೆ. ಕಟ್ಟಿದ ಬ್ಯಾನರುಗಳು ಮರುದಿನವೇ ಭಂಗಾರ್ ಅಂಗಡಿ, ಅಂದರೆ ಗುಜರಿ ಅಂಗಡಿ ಸೇರುತ್ತವೆ. ಇಲ್ಲಿಯ ಭಂಗಾರ್ ನಮಗೆ ಬಂಗಾರವೇ, ಆದರೆ ಕಂಬದಿಂದ ಬಿಚ್ಚಿಕೊಂಡು ಬರಬೇಡಿ; ಸಂಘಟಕರನ್ನು ಕೇಳಿದರೆ ಸಂತೋಷದಿಂದ ಕೊಡುತ್ತಾರೆ.

ತಂದದ್ದನ್ನು ಸೋಪಿನ ನೀರಿನಲ್ಲಿ ಒರೆಸಿ ಒಣಗಿಸಿ. ಸುಕ್ಕು ಹೋಗಲೆಂದು ಇಸ್ತ್ರಿ ಇಟ್ಟೀರಿ, ಜೋಕೆ! ಫ್ಲೆಕ್ಸ್ ಎಂದರೆ ಪಾಲಿಯೆಸ್ಟರ್ ಬಲೆಯ ಎರಡೂ ಬದಿಗೆ ಪಿವಿಸಿ ಪದರ. ಇಸ್ತ್ರಿಯ ತಳಕ್ಕೆ ಅಂಟಿಕೊಳ್ಳುತ್ತದೆ. ಅರ್ಧ ಗಂಟೆ ಬಿಸಿಲಿಗೆ ಹಾಸಿ, ಮೆತ್ತಗಾದ ಮೇಲೆ ಭಾರ ಹೇರಿದರೆ ಸಾಕು.

18 ಇಂಚು ಅಗಲ, 38 ಇಂಚು ಉದ್ದದ ತುಂಡನ್ನು ಸ್ಟೀಲ್ ಪಟ್ಟಿ ಇಟ್ಟು ಕಟ್ಟರ್‌ನಿಂದ ಕತ್ತರಿಸಿ. ಬಟ್ಟೆಯ ಕತ್ತರಿ ಮುಟ್ಟಬೇಡಿ, ಮೊಂಡಾಗುತ್ತದೆ. ಯಾರದಾದರೂ ಮುಖ ಇರುವ ಭಾಗವನ್ನು ನಾನು ಬಿಟ್ಟುಬಿಡುತ್ತೇನೆ. ಒಂದು ಕಣ್ಣು, ಅರ್ಧ ಮೀಸೆ ಹೊತ್ತುಕೊಂಡು ತರಕಾರಿ ಕೊಳ್ಳುವುದು ಚೆಂದವಲ್ಲ. ಅಕ್ಷರಗಳೇ ಒಳ್ಳೆಯವು.

ಇನ್ನು ಹೊಲಿಗೆ. ಬಟ್ಟೆಯಲ್ಲಿ ಸೂಜಿ ಹೋದ ಜಾಗ ಮತ್ತೆ ಮುಚ್ಚಿಕೊಳ್ಳುತ್ತದೆ, ಫ್ಲೆಕ್ಸಿನಲ್ಲಿ ಮುಚ್ಚುವುದಿಲ್ಲ. ಹಾಗಾಗಿ ಗುಂಡುಸೂಜಿ ಚುಚ್ಚಬಾರದು, ಬಟ್ಟೆ ಒಣಹಾಕುವ ಕ್ಲಿಪ್ ಹಾಕಬೇಕು. ಗಟ್ಟಿಯಾಗಲಿ ಎಂದು ಒತ್ತೊತ್ತಾಗಿ ಹೊಲಿಯುವುದೇ ಎಲ್ಲರೂ ಮಾಡುವ ತಪ್ಪು; ಹೊಲಿಗೆ ಒತ್ತಾದಷ್ಟೂ ರಂಧ್ರಗಳ ಸಾಲು ಕಿತ್ತು ಬರುತ್ತದೆ. ಯಂತ್ರದಲ್ಲಿ ಹೊಲಿಗೆಯ ಉದ್ದದ ತಿರುಗಣೆಯನ್ನು 4 ಮಿಲಿಮೀಟರಿಗೆ ಇಡಿ, ಅಂದರೆ ಇಂಚಿಗೆ ಆರು ಹೊಲಿಗೆ. ಸೂಜಿ 18ನೆಯ ನಂಬರಿನದು, ದಾರ ಪಾಲಿಯೆಸ್ಟರ್. ಹತ್ತಿಯ ದಾರ ಒಂದು ಮಳೆಗಾಲ ದಾಟುವುದಿಲ್ಲ. ಸಾಲಿನ ಕೊನೆಯಲ್ಲಿ ಹಿಂದೆ ಮುಂದೆ ಓಡಿಸಬೇಡಿ. ದಾರವನ್ನು ನಾಲ್ಕು ಇಂಚು ಬಿಟ್ಟು ಕೈಯಿಂದ ಗಂಟು ಹಾಕಿ. ಯಂತ್ರದ ಪಾದ ಫ್ಲೆಕ್ಸಿಗೆ ಅಂಟಿ ಸರಿಯದೆ ನಿಂತರೆ, ಒಂದೇ ಕಡೆ ಹತ್ತು ರಂಧ್ರ ಬಿದ್ದಂತೆಯೇ. ಟೆಫ್ಲಾನ್ ಪಾದ ಸಿಗುತ್ತದೆ. ನಾನು ಪಾದದ ತಳಕ್ಕೆ ಸೆಲೋಟೇಪ್ ಅಂಟಿಸಿ, ಸೂಜಿಯ ಜಾಗ ಕತ್ತರಿಸಿಬಿಡುತ್ತೇನೆ. ಕೆಲವರು ಟಾಲ್ಕಂ ಪೌಡರ್ ಉದುರಿಸುತ್ತಾರೆ; ಬಾಬಿನ್ ತುಂಬ ಬಿಳಿ ಮಣ್ಣು ಆಮೇಲೆ.

ಮೊದಲು ಎರಡೂ ತುದಿಗಳನ್ನು ಒಂದೂವರೆ ಇಂಚು ಮಡಿಸಿ ಹೊಲಿಯಿರಿ. ಚೀಲದ ಬಾಯಿ ಇದು. ಹಿಡಿಗೆ ಬ್ಯಾನರಿನ ಅಂಚನ್ನೇ ಬಳಸಿ. ಐಲೆಟ್, ಅಂದರೆ ಹಗ್ಗ ಕಟ್ಟುವ ಲೋಹದ ಬಳೆ ಹೊಡೆಯಲೆಂದು ಮಡಿಸಿ ಬೆಸೆದ ಭಾಗವದು, ಎರಡು ಪದರ, ಗಾಳಿಗೆ ಜಗ್ಗಿ ಪಳಗಿದೆ. 24 ಇಂಚಿನ ಎರಡು ತುಂಡು, ಐಲೆಟ್ ತೂತುಗಳನ್ನು ಬಿಟ್ಟು ತೆಗೆಯಿರಿ. ಪ್ರತಿ ತುದಿಯನ್ನೂ ಬಾಯಿಯ ಮಡಿಕೆಗೆ ಚೌಕವಾಗಿ ಒಂದೇ ಸುತ್ತು ಹೊಲಿಯಿರಿ, ಒಳಗಡೆ ಇನ್ನೊಂದು ಚಿಂದಿ ಇಟ್ಟು. ದಪ್ಪ ಮೂಲೆಗಳಲ್ಲಿ ಪೆಡಲಿನಿಂದ ಕಾಲು ತೆಗೆದು ಚಕ್ರವನ್ನು ಕೈಯಿಂದಲೇ ತಿರುಗಿಸಿ. ಪದಕದ ರಿಬ್ಬನ್ನನ್ನು ಹಿಡಿ ಮಾಡುವ ಆಸೆ ಬೇಡ. ಎರಡು ಕಿಲೋ ತೂಕಕ್ಕೇ ಬೆರಳು ಕೊಯ್ಯುತ್ತದೆ.

ಆಮೇಲೆ ಅಕ್ಷರ ಒಳಗಾಗುವಂತೆ ಮಡಿಸಿ, ಬದಿಗಳನ್ನು ಅರ್ಧ ಇಂಚು ಬಿಟ್ಟು ಹೊಲಿಯುವುದು. ತಳದ ಮೂಲೆಗಳನ್ನು ತ್ರಿಕೋನ ಹಿಡಿದು ನಾಲ್ಕು ಇಂಚಿನ ಅಡ್ಡ ಗೆರೆ ಹೊಲಿದರೆ ಚೀಲ ತಾನಾಗಿ ಕೂರುತ್ತದೆ. ಒಳಹೊರಗು ಮಾಡುವುದನ್ನು ಬಿಸಿಲಲ್ಲೇ ಮಾಡಿ. ತಣ್ಣಗಿರುವಾಗ ಮಡಿಸಿದರೆ ಬಣ್ಣ ಬಿರುಕು ಬಿಡುತ್ತದೆ.

ಇದರಲ್ಲಿ ಬಿಸಿ ಇಡ್ಲಿಯ ಪೊಟ್ಟಣ ತರಬೇಡಿ, ಉಪ್ಪಿನಕಾಯಿ ಸುತ್ತಬೇಡಿ. ಉಳಿದ ಚಿಂದಿಯನ್ನು ಸುಡುವುದಂತೂ ಬೇಡವೇ ಬೇಡ, ಪಿವಿಸಿ ಹೊಗೆ ವಿಷ. ನಮ್ಮಲ್ಲಿ ಆ ಚಿಂದಿ ಜೂನ್ ಬರುವ ಮುನ್ನ ಗ್ಯಾಲರಿಯ ಕುಂಡಗಳ ಕೆಳಗೆ ಹೋಗುತ್ತದೆ.