ಬ್ರೌಸರ್‌ನಲ್ಲೇ ಫೀಡ್ ಓದುತ್ತೇನೆ, ಹೀಗೆ

ಬೆಳಿಗ್ಗೆ ಚಹಾ ಲೋಟ ಹಿಡಿದು ಬ್ರೌಸರ್ ತೆರೆದರೆ ಎಡಗಡೆಯ ಪಟ್ಟಿಯಲ್ಲಿ ಒಂದು ಸಂಖ್ಯೆ ಕಾಣುತ್ತದೆ. ಇವತ್ತು 7 ಇತ್ತು. ಅಂದರೆ ನಾನು ಓದುವ ತಾಣಗಳಲ್ಲಿ ನಿನ್ನೆಯಿಂದ 7 ಹೊಸ ಬರಹ ಬಂದಿವೆ. ಅಷ್ಟು ಓದಿದರೆ ಮುಗಿಯಿತು. ಬೆರಳಿನಿಂದ ಎಳೆದಷ್ಟೂ ಬರುತ್ತಲೇ ಇರುವ ಪಟ್ಟಿ ಅಲ್ಲ ಇದು. ಯಾವುದನ್ನು ಮೊದಲು ತೋರಿಸಬೇಕು ಅಂತ ಬೇರೆ ಯಾರೂ ತೀರ್ಮಾನ ಮಾಡುವುದಿಲ್ಲ. ಬಂದ ಕ್ರಮದಲ್ಲೇ ಇರುತ್ತವೆ.

ಫೀಡ್ ಅಂದರೆ ಏನು ಅಂತ ಕೇಳಿದವರಿಗೆ ನಾನು ನಮ್ಮೂರಿನ ಅಂಚೆ ಕಚೇರಿಯ ಉದಾಹರಣೆ ಕೊಡುತ್ತೇನೆ. ನಮ್ಮೂರು ಶಿರಸಿ ಕಡೆಯದು, ಮನೆಯಿಂದ ಮನೆಗೆ ದೂರ ಜಾಸ್ತಿ. ಪೇಟೆಗೆ ಹೋದವರು ಅಂಚೆ ಕಚೇರಿಗೆ ಹೊಕ್ಕು ‘ನಮ್ಮನೆಗೆ ಏನಾದ್ರೂ ಇದೆಯಾ?’ ಅಂತ ಕೇಳಿಕೊಂಡು ಬರುತ್ತಿದ್ದರು. ಫೀಡ್ ರೀಡರ್ ಮಾಡುವುದೂ ಅಷ್ಟೇ. ತಾಣದವರು ಹೊಸ ಬರಹಗಳ ತಲೆಬರಹ, ಕೊಂಡಿ, ದಿನಾಂಕ ಎಲ್ಲ ಇರುವ ಒಂದು ಕಡತ ಇಟ್ಟಿರುತ್ತಾರೆ. ಬ್ರೌಸರ್ ಆಗಾಗ ಹೋಗಿ ಅದನ್ನು ನೋಡಿಕೊಂಡು ಬರುತ್ತದೆ. ಇಂಥ ಕಡತ ಬರೆಯುವ ಒಂದು ವಿಧಾನಕ್ಕೆ ಆರ್‌ಎಸ್‌ಎಸ್ ಅಂತ ಹೆಸರು. 1999ರಲ್ಲಿ ನೆಟ್‌ಸ್ಕೇಪ್ ಬ್ರೌಸರ್‌ನವರು ಶುರು ಮಾಡಿದ ಅದು ಇವತ್ತಿಗೂ ಹಾಗೇ ಕೆಲಸ ಮಾಡುತ್ತಿದೆ.

ನನಗೆ ಇದು ಸಿಕ್ಕಿದ್ದು 2006ರಲ್ಲಿ, ಫೈರ್‌ಫಾಕ್ಸ್ ಬ್ರೌಸರ್‌ನ ‘ಲೈವ್ ಬುಕ್‌ಮಾರ್ಕ್’ ರೂಪದಲ್ಲಿ. ವಿಳಾಸದ ಪಟ್ಟಿಯ ಬಲಕ್ಕೆ ಪುಟ್ಟ ಕಿತ್ತಳೆ ಗುರುತು ಬರುತ್ತಿತ್ತು. ಅದನ್ನು ಒತ್ತಿದರೆ ಆ ತಾಣ ಬುಕ್‌ಮಾರ್ಕ್ ಮೆನುವಿನಲ್ಲಿ ಒಂದು ಫೋಲ್ಡರ್ ಆಗಿ ಕೂರುತ್ತಿತ್ತು, ಒಳಗೆ ಹೊಸ ತಲೆಬರಹಗಳು. ಕನ್ನಡ ಓದುವುದು ಮಾತ್ರ ಆಗ ಸುಲಭವಿರಲಿಲ್ಲ. ನನ್ನದು ವಿಂಡೋಸ್ ಎಕ್ಸ್‌ಪಿ. ಮೆನುವಿನಲ್ಲಿ ಒತ್ತಕ್ಷರ ಎಲ್ಲ ಬಿಡಿಬಿಡಿಯಾಗಿ ‘ಅಕ್ಕ’ ಅನ್ನುವುದು ‘ಅಕ್‌ಕ’ ಅಂತ ಕಾಣುತ್ತಿತ್ತು. ಕಂಟ್ರೋಲ್ ಪ್ಯಾನೆಲ್‌ನ ಭಾಷೆಯ ವಿಭಾಗಕ್ಕೆ ಹೋಗಿ, ಸಂಕೀರ್ಣ ಲಿಪಿಗಳ ಬೆಂಬಲಕ್ಕೆ ಟಿಕ್ ಹಾಕಿ, ಅದು ಕೇಳಿದ ಎಕ್ಸ್‌ಪಿ ಸಿಡಿ ಹಾಕಿ, ರೀಸ್ಟಾರ್ಟ್ ಮಾಡಿದ ಮೇಲೆ ಸರಿಹೋಯಿತು. ಆಮೇಲೂ ಕೆಲವು ಪತ್ರಿಕೆಗಳ ತಾಣಗಳ ತಲೆಬರಹ ಓದಲು ಆಗುತ್ತಿರಲಿಲ್ಲ. ಅವು ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಕಂಪ್ಯೂಟರ್‌ಗಳೂ ಒಪ್ಪಿದ ಅಕ್ಷರ ಸಂಕೇತದಲ್ಲಿ, ಇರಲಿಲ್ಲ, ತಮ್ಮದೇ ಫಾಂಟ್ ಇಟ್ಟುಕೊಂಡಿದ್ದವು. ತಾಣದ ಪುಟದಲ್ಲಿ ಕನ್ನಡವಾಗಿ ಕಂಡಿದ್ದು ಮೆನುವಿಗೆ ಬಂದಾಗ ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲಾಗುತ್ತಿತ್ತು. ಕನ್ನಡಕ್ಕೆ ಯೂನಿಕೋಡ್ ಯಾಕೆ ಬೇಕು ಅಂತ ನನಗೆ ಮನವರಿಕೆಯಾಗಿದ್ದು ಆ ಮೆನುವಿನಿಂದ.

2018ರ ಡಿಸೆಂಬರ್‌ನಲ್ಲಿ ಫೈರ್‌ಫಾಕ್ಸ್ 64 ಬಂದಾಗ ಲೈವ್ ಬುಕ್‌ಮಾರ್ಕ್ ಹೋಯಿತು. ಬಳಸುವವರು ತೀರಾ ಕಡಿಮೆ, ಹಳೆಯ ಕೋಡ್ ನೋಡಿಕೊಳ್ಳುವ ಹೊರೆ ಜಾಸ್ತಿ ಅನ್ನುವುದು ಕಾರಣ. ಹೋಗುವಾಗ ನನ್ನ ಪಟ್ಟಿಯನ್ನು ಒಂದು ಓಪಿಎಂಎಲ್ ಕಡತವಾಗಿ ಡೆಸ್ಕ್‌ಟಾಪ್ ಮೇಲೆ ಇಟ್ಟು ಹೋಯಿತು. ಎಲ್ಲ ಫೀಡ್‌ಗಳ ವಿಳಾಸ ಇರುವ ಸಣ್ಣ ಕಡತ ಅದು. ನಾನು ಅದನ್ನು ಮೇಲ್ ಮಾಡಿಕೊಂಡು ಇಟ್ಟುಕೊಂಡೆ. ಒಳ್ಳೆಯದೇ ಆಯಿತು.

2021ರ ಜೂನ್‌ನಲ್ಲಿ ವಿವಾಲ್ಡಿ ಬ್ರೌಸರ್‌ನ 4.0 ಆವೃತ್ತಿಯಲ್ಲಿ ಮೇಲ್, ಕ್ಯಾಲೆಂಡರ್ ಜೊತೆ ಫೀಡ್ ರೀಡರ್ ಕೂಡ ಬಂತು. ಇದನ್ನು ಕಟ್ಟಿದ ಯಾನ್ ವಾನ್ ಟೆಟ್ಸ್‌ನರ್ ಹಿಂದೆ ಒಪೆರಾ ಬ್ರೌಸರ್ ಶುರು ಮಾಡಿದವರಲ್ಲಿ ಒಬ್ಬರು. ಹಳೆಯ ಒಪೆರಾದಲ್ಲೂ ಮೇಲ್ ಜೊತೆಗೇ ಫೀಡ್ ಓದಬಹುದಿತ್ತು. ನಾನು ಅದೇ ದಿನ ಹಳೆಯ ಓಪಿಎಂಎಲ್ ಹುಡುಕಿ ತೆಗೆದೆ. ಸೆಟ್ಟಿಂಗ್ಸ್‌ನಲ್ಲಿ ಮೇಲ್, ಕ್ಯಾಲೆಂಡರ್, ಫೀಡ್ ಮೂರನ್ನೂ ಚಾಲೂ ಮಾಡುವ ಟಿಕ್ ಇದೆ, ಅದನ್ನು ಹಾಕಬೇಕು. ಆಮೇಲೆ ಫೀಡ್ಸ್ ವಿಭಾಗದಲ್ಲಿ ಕಡತವನ್ನು ಒಳಗೆ ತೆಗೆದುಕೊಳ್ಳಬಹುದು.

43 ತಾಣಗಳಿದ್ದವು. ಅರ್ಧಕ್ಕಿಂತ ಹೆಚ್ಚು ಸತ್ತಿದ್ದವು. ಹೆಸರು ನೋಡುತ್ತಾ ಹೋದಂತೆ ಬೇಜಾರಾಯಿತು. ಎಷ್ಟು ಜನ ಎಷ್ಟು ಪ್ರೀತಿಯಿಂದ ಕನ್ನಡದಲ್ಲಿ ಬರೆಯುತ್ತಿದ್ದರು! ಕೆಲವು ತಾಣಗಳು ಇದ್ದವು, ಆದರೆ ವರ್ಷಗಟ್ಟಲೆ ಹೊಸದೇನೂ ಬಂದಿರಲಿಲ್ಲ. ಅವನ್ನು ನಾನು ಅಳಿಸಲಿಲ್ಲ. ‘ಮೌನ’ ಅಂತ ಒಂದು ಫೋಲ್ಡರ್ ಮಾಡಿ ಅಲ್ಲಿ ಹಾಕಿದೆ. ಸುಮ್ನೆ ಇದ್ದರೆ ನನಗೇನೂ ತೊಂದರೆಯಿಲ್ಲ, ಅಲ್ವಾ?

ಎರಡು ವರ್ಷದ ಮೇಲೆ, ಒಂದು ಭಾನುವಾರ, ಆ ‘ಮೌನ’ದ ಪಕ್ಕ 1 ಅಂತ ಬಂತು. ಜರೀಗಿಡಗಳ ಬಗ್ಗೆ ಬರೆಯುತ್ತಿದ್ದ ಒಬ್ಬರು. ಮಳೆಗಾಲದಲ್ಲಿ ಅಡಿಕೆ ಮರದ ಬುಡದಲ್ಲಿ ಹುಟ್ಟುವ ಜರೀಗಿಡದ ಎಲೆಯ ಹಿಂಬದಿ ಹೇಗಿರುತ್ತದೆ, ಬೀಜಕಗಳು ಹೇಗೆ ಸಾಲಾಗಿ ಅಂಟಿರುತ್ತವೆ ಅಂತ ಬರೆದಿದ್ದರು. ಎರಡು ಸಲ ಓದಿದೆ. ಅವರು ಅದನ್ನು ಬೇರೆಲ್ಲೂ ಹಂಚಿಕೊಂಡಿರಲಿಲ್ಲ. ಫೀಡ್ ಇರದಿದ್ದರೆ ಅದು ಬಂದಿದ್ದೇ ನನಗೆ ಗೊತ್ತಾಗುತ್ತಿರಲಿಲ್ಲ. ದಿನಕ್ಕೆ 50 ಸುದ್ದಿ ಹಾಕುವ ತಾಣಕ್ಕೆ ಫೀಡ್ ಇಲ್ಲದಿದ್ದರೂ ನಡೆಯುತ್ತದೆ, ಅದು ಹೇಗಾದರೂ ಕಣ್ಣಿಗೆ ಬಿದ್ದೇ ಬೀಳುತ್ತದೆ. ವರ್ಷಕ್ಕೆ ಎರಡು ಸಲ ಬರೆಯುವವರನ್ನು ಕಳೆದುಕೊಳ್ಳದೆ ಇರಬೇಕಾದರೆ ಇದೇ ದಾರಿ.

ಹೊಸ ತಾಣ ಸೇರಿಸುವುದು ಸುಲಭ. ಫೀಡ್ ಇದ್ದರೆ ವಿಳಾಸದ ಪಟ್ಟಿಯಲ್ಲಿ ಗುರುತು ಕಾಣುತ್ತದೆ, ಒತ್ತಿದರೆ ಒಳಗೇನಿದೆ ಅಂತ ತೋರಿಸುತ್ತದೆ, ಬೇಕಾದರೆ ಸೇರಿಸಿಕೊಳ್ಳಬಹುದು. ಗುರುತು ಕಾಣದಿದ್ದರೆ ಬಿಟ್ಟುಬಿಡಬೇಡಿ. ವರ್ಡ್‌ಪ್ರೆಸ್ ಅನ್ನುವ ತಂತ್ರಾಂಶದಲ್ಲಿ ಕಟ್ಟಿದ ತಾಣವಾದರೆ ವಿಳಾಸದ ಕೊನೆಗೆ ಒಂದು ಸ್ಲ್ಯಾಶ್ ಹಾಕಿ ಇಂಗ್ಲಿಷ್‌ನಲ್ಲಿ ‘ಫೀಡ್’ ಅಂತ ಬರೆದು ನೋಡಿ, ಸಾಮಾನ್ಯವಾಗಿ ಸಿಗುತ್ತದೆ. ಯೂಟ್ಯೂಬ್ ಚಾನೆಲ್‌ಗಳಿಗೂ ಫೀಡ್ ಇದೆ. ಯಕ್ಷಗಾನದ ಎರಡು ಚಾನೆಲ್ ಹಾಗೇ ಹಾಕಿಕೊಂಡಿದ್ದೇನೆ. ಕನ್ನಡ ವಿಕಿಪೀಡಿಯದಲ್ಲಿ ಯಾವುದೇ ಪುಟದ ಇತಿಹಾಸಕ್ಕೂ ಆಟಮ್ ಫೀಡ್ (ಆರ್‌ಎಸ್‌ಎಸ್‌ನಂಥದ್ದೇ ಇನ್ನೊಂದು ವಿಧ) ಸಿಗುತ್ತದೆ. ಶಿರಸಿ ಪುಟವನ್ನು ಯಾರಾದರೂ ತಿದ್ದಿದರೆ ನನಗೆ ಗೊತ್ತಾಗುತ್ತದೆ.

ಒಂದು ವಿಷಯ ನಾನು ತಡವಾಗಿ ಕಲಿತೆ. ಅಡಿಕೆಯ ಕೊನೆಕೊಯ್ಲಿಗೆ ಅಂತ 3 ವಾರ ಊರಿಗೆ ಹೋಗಿದ್ದೆ. ಕಂಪ್ಯೂಟರ್ ಬೆಂಗಳೂರಿನಲ್ಲಿ ಮುಚ್ಚಿಟ್ಟಿತ್ತು. ವಾಪಸ್ ಬಂದು ತೆರೆದರೆ ದಿನಕ್ಕೊಂದು ಬರಹ ಹಾಕುವ ತಾಣದಿಂದ 10 ಮಾತ್ರ ಬಂದವು. ಉಳಿದ ಹತ್ತು-ಹನ್ನೊಂದು ಎಲ್ಲಿ? ತಪ್ಪು ಬ್ರೌಸರ್‌ನದಲ್ಲ. ವರ್ಡ್‌ಪ್ರೆಸ್ ಮೊದಲಿನಿಂದ ಇಟ್ಟಿರುವ ಲೆಕ್ಕದಲ್ಲಿ ಫೀಡ್‌ನಲ್ಲಿ ಇತ್ತೀಚಿನ 10 ಬರಹ ಮಾತ್ರ ಇರುತ್ತವೆ. ಯೂಟ್ಯೂಬ್‌ದು 15. ಹನ್ನೊಂದನೆಯದು ಬಂದರೆ ಮೊದಲನೆಯದು ಆಚೆ. ಬ್ರೌಸರ್ ತೆರೆದಿದ್ದಾಗ ಮಾತ್ರ ಹೋಗಿ ಕೇಳುತ್ತದೆ. ಅಂಚೆ ಕಚೇರಿಯಲ್ಲಿ ಹತ್ತೇ ಕಾಗದ ಇಟ್ಟುಕೊಳ್ಳುತ್ತಾರೆ ಅಂದರೆ ಮೂರು ವಾರ ಬಿಟ್ಟು ಹೋದವರಿಗೆ ಹಳೆಯದು ಸಿಗುತ್ತದೆಯೇ? ಈಗ ಊರಿಗೆ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗುತ್ತೇನೆ, ವಾರಕ್ಕೆರಡು ಸಲ ತೆರೆಯುತ್ತೇನೆ. ಸಿಗ್ನಲ್ ಸಿಗುವ ಜಾಗ ಅಂದರೆ ಅಂಗಳದ ತುದಿ, ಹಲಸಿನ ಮರದ ಹತ್ತಿರ. ಒಮ್ಮೆ ಬಂದ ಬರಹ ನನ್ನ ಕಂಪ್ಯೂಟರ್‌ನಲ್ಲೇ ಉಳಿಯುತ್ತದೆ, ಆದ್ದರಿಂದ ಒಳಗೆ ಬಂದು ಜಗಲಿಯಲ್ಲಿ ಕೂತು ಓದಬಹುದು.

ಹಾಗೆ ಓದಬೇಕಾದರೆ ಫೀಡ್‌ನಲ್ಲಿ ಪೂರ್ತಿ ಬರಹ ಇರಬೇಕು. ನಮ್ಮ ಕನ್ನಡದ ಬಹಳಷ್ಟು ತಾಣಗಳಲ್ಲಿ ಮೂರು ಸಾಲು ಬಂದು, ಮುಂದೆ ಚುಕ್ಕಿ ಚುಕ್ಕಿ. ನನಗೆ ನಿಜವಾಗಿ ಬೇಸರವಾಗುವುದು ಇಲ್ಲಿಯೇ. ಬರೆಯುವವರಿಗೆ ಇದು ಗೊತ್ತೇ ಇರುವುದಿಲ್ಲ. ವರ್ಡ್‌ಪ್ರೆಸ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ‘ರೀಡಿಂಗ್’ ಅಂತ ಇದೆ, ಅಲ್ಲಿ ‘ಫುಲ್ ಟೆಕ್ಸ್ಟ್’ ಆರಿಸಿದರೆ ಸಾಕು. ಗೂಗಲ್‌ನವರ ಬ್ಲಾಗರ್‌ನಲ್ಲಿ ಬರೆಯುವವರಾದರೆ ‘ಸೈಟ್ ಫೀಡ್’ ವಿಭಾಗದಲ್ಲಿ ‘ಫುಲ್’. ಒಂದು ನಿಮಿಷದ ಕೆಲಸ.

ಜರೀಗಿಡದವರಿಗೆ ಕಳೆದ ತಿಂಗಳು ಇದನ್ನೇ ಬರೆದು ಕೇಳಿದೆ. ‘ಫೀಡ್ ಅಂತ ಒಂದಿದೆ ಅನ್ನೋದೇ ಮರೆತಿತ್ತು’ ಅಂತ ಉತ್ತರ ಬಂತು. ಮೊನ್ನೆ ಅವರ ಹೊಸ ಬರಹ ಪೂರ್ತಿಯಾಗಿ ಬಂದಿದೆ, ನಾಲ್ಕು ಫೋಟೋ ಸಮೇತ.