ರಾತ್ರಿ ಊಟ ಏಳಕ್ಕೆ, ತಿಂಡಿ ಒಂಬತ್ತಕ್ಕೆ: ಉಪವಾಸ ಮಾಡಿ ತೂಕ ಇಳಿಸುವುದು ಹೇಗೆ?

ಶಿವಮೊಗ್ಗದಲ್ಲಿ ಬೆಳಗಿನ ವಾಕಿಂಗ್‌ಗೆ ಹೋಗುವ ಯಾವ ಗುಂಪಿನ ಜೊತೆ ನಡೆದರೂ ಈಗ ಈ ಮಾತು ಕಿವಿಗೆ ಬೀಳುತ್ತದೆ: ‘ನಂದು ಹದಿನಾರು–ಎಂಟು ನಡೀತಿದೆ.’ ಅಂದರೆ ದಿನದಲ್ಲಿ 16 ಗಂಟೆ ಹೊಟ್ಟೆ ಖಾಲಿ, ಊಟ ತಿಂಡಿ ಎಲ್ಲ ಉಳಿದ 8 ಗಂಟೆಯೊಳಗೆ. ಇದಕ್ಕೆ ಇಂಟರ್‌ಮಿಟೆಂಟ್ ಫಾಸ್ಟಿಂಗ್ ಎನ್ನುತ್ತಾರೆ. ವಾರದಲ್ಲಿ ಐದು ದಿನ ಮಾಮೂಲಿ ಊಟ, ಎರಡು ದಿನ ತೀರಾ ಕಡಿಮೆ ತಿನ್ನುವ ಕ್ರಮವೂ ಇದೆ. ದಿನ ಬಿಟ್ಟು ದಿನ ಉಪವಾಸ ಮಾಡುವವರೂ ಇದ್ದಾರೆ. ಶನಿವಾರದ ಒಪ್ಪತ್ತು, ಏಕಾದಶಿ, ಸಂಕಷ್ಟಿ, ರಂಜಾನ್ ರೋಜಾ ಎಲ್ಲ ಇರುವ ನಮ್ಮ ಕಡೆ ಹೊಟ್ಟೆ ಖಾಲಿ ಬಿಡುವುದು ಯಾರಿಗೂ ಹೊಸದಲ್ಲ. ಆದರೆ ಇವೆಲ್ಲ ತೂಕ ಇಳಿಸಲು ಮಾಡುತ್ತಿದ್ದ ಉಪವಾಸ ಅಲ್ಲ. ಹಾಗಾದರೆ ಇದರಿಂದ ನಿಜವಾಗಿ ತೂಕ ಇಳಿಯುತ್ತದಾ?

ಇಳಿಯುತ್ತದೆ. ದಿನದ ಲೆಕ್ಕದಲ್ಲಿ ತಿನ್ನುವುದು ಕಡಿಮೆಯಾದರೆ ಮಾತ್ರ.

ಇದನ್ನು ಸುಮ್ನೆ ಹೇಳುತ್ತಿಲ್ಲ. ಚೀನಾದ ಗುವಾಂಗ್‌ಝೌನಲ್ಲಿ ಬೊಜ್ಜು ಇರುವ 139 ಜನರನ್ನು ಎರಡು ಗುಂಪು ಮಾಡಿ ಒಂದು ವರ್ಷ ನೋಡಿದರು. ಎರಡೂ ಗುಂಪಿಗೆ ಕ್ಯಾಲೊರಿಯಲ್ಲಿ ಒಂದೇ ರೀತಿಯ ಕಡಿತ. ಒಂದು ಗುಂಪಿಗೆ ಮಾತ್ರ ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ತಿಂದು ಮುಗಿಸಬೇಕೆಂಬ ಷರತ್ತು. 2022ರಲ್ಲಿ ಫಲಿತಾಂಶ ಬಂತು. ಷರತ್ತು ಇದ್ದವರು ಸರಾಸರಿ 8 ಕಿಲೊ ಇಳಿದಿದ್ದರು, ಇಲ್ಲದವರು 6.3 ಕಿಲೊ. ಈ ಅಂತರ ಹೊತ್ತಿನ ಷರತ್ತಿನಿಂದಲೇ ಬಂತು ಎನ್ನಲು ಸಾಲುವಷ್ಟು ದೊಡ್ಡದಿರಲಿಲ್ಲ.

ಅಮೆರಿಕದಲ್ಲಿ 2020ರಲ್ಲಿ ಬಂದ ಇನ್ನೊಂದು ಪ್ರಯೋಗ ನಮಗೆ ಇನ್ನೂ ಹತ್ತಿರದ್ದು. 116 ಜನ, 12 ವಾರ. ಒಂದು ಗುಂಪಿಗೆ ಮಧ್ಯಾಹ್ನ 12ರಿಂದ ರಾತ್ರಿ 8ರವರೆಗೆ ಏನು ಬೇಕಾದರೂ, ಎಷ್ಟು ಬೇಕಾದರೂ ತಿನ್ನಿ ಎಂದರು. ನಮ್ಮಲ್ಲಿ ತಿಂಡಿ ಬಿಟ್ಟವರು ಮಾಡುವುದೂ ಇದನ್ನೇ ಅಲ್ವಾ? ಇಳಿದದ್ದು ಸರಾಸರಿ ಒಂದು ಕಿಲೊಗಿಂತ ಕಡಿಮೆ. ಮೂರು ಹೊತ್ತು ತಿಂದವರಿಗೂ ಇವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಕೆಲವರನ್ನು ಸ್ಕ್ಯಾನ್ ಮಾಡಿ ನೋಡಿದಾಗ, ಇಳಿದ ತೂಕದಲ್ಲಿ ಜಾಸ್ತಿ ಪಾಲು ಕೊಬ್ಬಿನದ್ದೇ ಆಗಿರಲಿಲ್ಲ. ಸ್ನಾಯುವೂ ಕರಗಿರುವ ಸೂಚನೆ ಇತ್ತು. 2025ರಲ್ಲಿ ‘ಬಿಎಂಜೆ’ ವೈದ್ಯಕೀಯ ಪತ್ರಿಕೆಯಲ್ಲಿ 99 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ವರದಿ ಬಂತು. ಉಪವಾಸದ ಕ್ರಮಗಳಿಗೂ ದಿನಾ ಸ್ವಲ್ಪ ಕಡಿಮೆ ತಿನ್ನುವ ಕ್ರಮಕ್ಕೂ ಫಲಿತಾಂಶ ಹೆಚ್ಚುಕಡಿಮೆ ಒಂದೇ ಎಂದು ಅದರಲ್ಲೂ ಕಂಡಿತು.

ಹಾಗಾದರೆ ಉಪವಾಸ ಯಾಕೆ ಬೇಕು? ಕೆಲವರಿಗೆ ಅದು ಸುಲಭ ಅಂತ. ಪ್ರತಿ ತುತ್ತಿಗೂ ಲೆಕ್ಕ ಇಡುವುದಕ್ಕಿಂತ ‘ಏಳರ ಮೇಲೆ ಏನೂ ಇಲ್ಲ’ ಎನ್ನುವ ಒಂದೇ ನಿಯಮ ಪಾಲಿಸುವುದು ಹಗುರ. ನಿಮಗೂ ಹಾಗೆ ಅನ್ನಿಸಿದರೆ ಮುಂದೆ ಓದಿ.

ಹೆಜ್ಜೆ 1: ನೀವು ಮಾಡಬಹುದಾ ಎಂದು ಮೊದಲು ನೋಡಿ

ಈ ಹೆಜ್ಜೆಯನ್ನು ದಯವಿಟ್ಟು ಹಾರಿಸಬೇಡಿ. ಬಸುರಿಯರು, ಹಾಲುಣಿಸುವ ತಾಯಂದಿರು, 18 ವರ್ಷದೊಳಗಿನ ಮಕ್ಕಳು, ಮೊದಲೇ ತೂಕ ಕಡಿಮೆ ಇರುವವರು, ಸೊರಗಿರುವ ಹಿರಿಯರು ಇದನ್ನು ಮಾಡಬಾರದು. ಊಟದ ವಿಷಯದಲ್ಲಿ ಹಿಂದೆ ಮಾನಸಿಕ ತೊಂದರೆ ಅನುಭವಿಸಿದವರೂ ಬೇಡ.

ಶುಗರ್ ಇರುವವರು ವೈದ್ಯರನ್ನು ಕೇಳದೆ ಒಂದು ದಿನವೂ ಶುರು ಮಾಡಬೇಡಿ. ಇನ್ಸುಲಿನ್ ತೆಗೆದುಕೊಳ್ಳುವವರು, ಗ್ಲಿಮೆಪಿರೈಡ್ ಅಥವಾ ಗ್ಲಿಕ್ಲಾಜೈಡ್ ಮಾತ್ರೆ ನುಂಗುವವರು ಊಟ ತಪ್ಪಿಸಿದರೆ ಸಕ್ಕರೆ ಮಟ್ಟ ದಿಢೀರ್ ಕುಸಿಯಬಹುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳದ್ದು ಬೇರೆ ಅಪಾಯ: ಹೆಚ್ಚು ಹೊತ್ತು ಹೊಟ್ಟೆ ಖಾಲಿ ಬಿಟ್ಟರೆ ರಕ್ತದಲ್ಲಿ ಆಮ್ಲ ಏರಬಹುದು. ಮಾತ್ರೆ ಚೀಟಿ ಹಿಡಿದು ವೈದ್ಯರ ಹತ್ತಿರ ಹೋಗಿ, ‘ರಾತ್ರಿ ಏಳರಿಂದ ಬೆಳಿಗ್ಗೆ ಒಂಬತ್ತರವರೆಗೆ ಏನೂ ತಿನ್ನೋದಿಲ್ಲ ಅಂದ್ಕೊಂಡಿದ್ದೀನಿ, ಮಾತ್ರೆ ಬದಲಾಯಿಸಬೇಕಾ?’ ಎಂದು ನೇರವಾಗಿ ಕೇಳಿ. ಬಿಪಿ ಮಾತ್ರೆ ತೆಗೆದುಕೊಳ್ಳುವವರೂ ಇದನ್ನೇ ಕೇಳಬೇಕು.

ಉಪವಾಸದ ನಡುವೆ ಕೈ ನಡುಗಿ, ಬೆವರಿ, ಕಣ್ಣು ಮಂಜಾದರೆ ಉಪವಾಸ ಅಲ್ಲಿಗೇ ಮುಗಿಯಿತು. ಸಕ್ಕರೆ ಮಟ್ಟ 70ಕ್ಕಿಂತ ಕೆಳಗಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿಗೆ ಕಲಸಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಮಿಷನ್ ಕೈಗೆ ಸಿಗದಿದ್ದರೆ ಅದಕ್ಕಾಗಿ ಕಾಯಬೇಡಿ, ಮೊದಲು ಕುಡಿಯಿರಿ. ತೋಟದ ನಡುವೆ ಒಂಟಿ ಮನೆ, ಆಸ್ಪತ್ರೆ ಹತ್ತಾರು ಕಿಲೋಮೀಟರ್ ದೂರ ಎನ್ನುವ ಹೊಸನಗರ, ತೀರ್ಥಹಳ್ಳಿ ಕಡೆಯವರು ಇದನ್ನು ಮನೆಯವರಿಗೂ ಹೇಳಿಕೊಟ್ಟಿರಬೇಕು.

ಹೆಜ್ಜೆ 2: ತೂಕದ ಜೊತೆ ಸೊಂಟವನ್ನೂ ಅಳೆಯಿರಿ

ಬೆಳಿಗ್ಗೆ ಎದ್ದು ಶೌಚಕ್ಕೆ ಹೋಗಿ ಬಂದ ಮೇಲೆ, ಏನೂ ಕುಡಿಯುವ ಮೊದಲು ತೂಕ ನೋಡಿ. ವಾರಕ್ಕೊಮ್ಮೆ ಸಾಕು. ಟೈಲರ್ ಟೇಪು ತೆಗೆದುಕೊಂಡು ಪಕ್ಕೆಲುಬಿನ ಕೆಳತುದಿಗೂ ಸೊಂಟದ ಮೂಳೆಗೂ ನಡುಮಧ್ಯೆ ಸುತ್ತಳತೆ ನೋಡಿ ಬರೆದಿಡಿ. ನಮ್ಮವರಲ್ಲಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಹೊಟ್ಟೆಯ ಬೊಜ್ಜು ಎಂದೇ ಲೆಕ್ಕ.

ಮೊದಲ ವಾರ ಒಂದೂವರೆ, ಎರಡು ಕಿಲೊ ಇಳಿದರೆ ಹಿಗ್ಗಬೇಡಿ. ಅದರಲ್ಲಿ ಬಹುಪಾಲು ನೀರು. ಲಿವರ್ ಮತ್ತು ಸ್ನಾಯುಗಳು ಗ್ಲೈಕೋಜನ್ ಎಂಬ ರೂಪದಲ್ಲಿ ಸಕ್ಕರೆ ಕೂಡಿಡುತ್ತವೆ. ಅದರ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಗ್ಲೈಕೋಜನ್ ಖರ್ಚಾದಾಗ ಆ ನೀರೂ ಹೋಗುತ್ತದೆ, ಸರಿಯಾಗಿ ಉಂಡ ಮಾರನೇ ದಿನ ವಾಪಸ್ ಬರುತ್ತದೆ. ಆಗ ‘ಇದು ನಮಗೆ ಆಗಿಬರಲ್ಲ’ ಎಂದು ಕೈಬಿಡುವವರು ಬಹಳ.

ಹೆಜ್ಜೆ 3: ತಿಂಡಿ ಬಿಡಬೇಡಿ, ರಾತ್ರಿ ಊಟ ಬೇಗ ಮುಗಿಸಿ

ಬಹಳ ಜನ ಬೆಳಗಿನ ತಿಂಡಿಯನ್ನೇ ಬಿಡುತ್ತಾರೆ. ನನ್ನ ಪ್ರಕಾರ ಮಲೆನಾಡಿನ ಮನೆಗಳಿಗೆ ಇದು ಹೊಂದುವ ದಾರಿ ಅಲ್ಲ. ಬೆಳಿಗ್ಗೆ ಏಳಕ್ಕೇ ಕೊಟ್ಟಿಗೆ, ತೋಟ, ಗದ್ದೆ ಎಂದು ಮೈ ಬಗ್ಗಿಸುವವರು ನಾವು. ನಮ್ಮಲ್ಲಿ ಜಾಸ್ತಿ ತಿನ್ನುವುದು ಸಂಜೆ ನಾಲ್ಕೂವರೆ ಕಾಫಿಯಿಂದ ರಾತ್ರಿ ಹತ್ತರವರೆಗೆ. ಕಾಫಿ ಜೊತೆ ಕೋಡುಬಳೆ, ಮಳೆ ಹಿಡಿದರೆ ಹಲಸಿನ ಹಪ್ಪಳ, ಧಾರಾವಾಹಿ ನೋಡುತ್ತಾ ಚೂರು ಮಿಕ್ಸ್ಚರ್, ಒಂಬತ್ತೂವರೆಗೆ ಅನ್ನ ಸಾರು. ಕತ್ತರಿ ಹಾಕಬೇಕಾದ್ದು ಇಲ್ಲಿ.

ಬೇಗ ಊಟ ಮುಗಿಸುವುದರಿಂದ ತೂಕ ಬಿಟ್ಟು ಬೇರೆ ಲಾಭವೂ ಇರಬಹುದು. 2018ರ ಒಂದು ಚಿಕ್ಕ ಪ್ರಯೋಗದಲ್ಲಿ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ ಗಂಡಸರು ಮಧ್ಯಾಹ್ನ 3ರೊಳಗೆ ದಿನದ ಊಟ ಮುಗಿಸುತ್ತಿದ್ದರು. ತೂಕ ಇಳಿಯದಿದ್ದರೂ ಅವರ ಮೈಯಲ್ಲಿ ಇನ್ಸುಲಿನ್ ಕೆಲಸ ಮಾಡುವ ರೀತಿ ಸುಧಾರಿಸಿತು, ಬಿಪಿ ಇಳಿಯಿತು. ಪ್ರಯೋಗಕ್ಕೆ ಒಳಗಾದವರು ಎಂಟೇ ಜನ, ಆದ್ದರಿಂದ ಇದನ್ನು ಕಡೇ ಮಾತು ಎಂದು ಹಿಡಿಯಬಾರದು.

ಮೊದಲ ಎರಡು ವಾರ ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ಬರೀ 12 ಗಂಟೆ. ಇಷ್ಟು ಯಾರಿಗೂ ಕಷ್ಟವಾಗದು. ಆಮೇಲೆ ಊಟವನ್ನು 7ಕ್ಕೆ, ತಿಂಡಿಯನ್ನು 9ಕ್ಕೆ ತನ್ನಿ, 14 ಗಂಟೆ ಆಯಿತು. ಅಲ್ಲಿಗೇ ನಿಲ್ಲಿಸಿದರೂ ಸಾಕು. 16 ಗಂಟೆ ಎನ್ನುವುದರಲ್ಲಿ ವಿಶೇಷ ಶಕ್ತಿ ಏನಿಲ್ಲ. ‘ಹದಿನಾರು ಗಂಟೆ ದಾಟಿದರೆ ಜೀವಕೋಶ ತನ್ನನ್ನೇ ಶುದ್ಧ ಮಾಡಿಕೊಳ್ಳುತ್ತದೆ, ಇದಕ್ಕೆ ನೊಬೆಲ್ ಬಂದಿದೆ’ ಎಂಬ ವಾಟ್ಸ್ಆ್ಯಪ್ ಸಂದೇಶ ನಿಮಗೂ ಬಂದಿರಬಹುದು. 2016ರಲ್ಲಿ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ ನೊಬೆಲ್ ಬಂದದ್ದು ನಿಜ. ಜೀವಕೋಶ ತನ್ನನ್ನು ಶುದ್ಧ ಮಾಡಿಕೊಳ್ಳುವ ಕೆಲಸ ಹೇಗೆ ನಡೆಯುತ್ತದೆ ಎಂದು ಅವರು ಕಂಡುಹಿಡಿದದ್ದು ಯೀಸ್ಟ್ ಕೋಶಗಳಲ್ಲಿ. ಮನುಷ್ಯ ಎಷ್ಟು ಗಂಟೆ ಉಪವಾಸ ಇರಬೇಕು ಎಂದು ಆ ಸಂಶೋಧನೆ ಹೇಳಿಲ್ಲ.

ಹೆಜ್ಜೆ 4: ಖಾಲಿ ಹೊತ್ತಿನಲ್ಲಿ ಕುಡಿಯುವುದು

ನೀರು, ಬಿಸಿನೀರು, ಹಾಲು ಸಕ್ಕರೆ ಇಲ್ಲದ ಕಾಫಿ ಟೀ ಆಗಬಹುದು. ಹಾಲು ಬೆಲ್ಲ ಹಾಕಿದ ಕಷಾಯ ಊಟದ ಲೆಕ್ಕಕ್ಕೇ ಸೇರುತ್ತದೆ. ಬರೀ ಜೀರಿಗೆ, ಕೊತ್ತಂಬರಿ ಕುದಿಸಿ ಸೋಸಿ ಕುಡಿದರೆ ತೊಂದರೆ ಇಲ್ಲ. ಒಂದು ಚಮಚ ಸಕ್ಕರೆಗೆ ಸುಮಾರು 20 ಕ್ಯಾಲೊರಿ. ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಎಂದರೆ ಸಕ್ಕರೆಯಿಂದಲೇ 160.

ಇನ್ನೊಂದು ಮಾತು ನಮ್ಮ ಕಡೆ ಹೇಳಲೇಬೇಕು. ಹಸಿವು ಮರೆಯಲು ಕವಳ (ಎಲೆ ಅಡಿಕೆ) ಹಾಕಬೇಡಿ. ಅಡಿಕೆ ನಮಗೆ ಅನ್ನ ಕೊಡುವ ಬೆಳೆ, ಅದರ ಮೇಲೆ ನನಗೂ ಪ್ರೀತಿ ಇದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆ ಜಗಿಯುವುದನ್ನು ಕ್ಯಾನ್ಸರ್‌ಕಾರಕ ಎಂದು ಪಟ್ಟಿ ಮಾಡಿದೆ. ಹೊಗೆಸೊಪ್ಪು ಸೇರಿದರಂತೂ ಕೇಳಲೇಬೇಡಿ.

ಹೆಜ್ಜೆ 5: ಉಪವಾಸ ಬಿಡುವ ತಟ್ಟೆ

ತೂಕ ಇಳಿಯುವುದೋ ನಿಲ್ಲುವುದೋ ನಿರ್ಧಾರವಾಗುವುದು ಇಲ್ಲಿ. ಹಸಿದು ಕೂತಾಗ ಕೈ ಹೋಗುವುದು ಅಕ್ಕಿಯ ಕಡೆಗೆ. ನಮ್ಮ ತಿಂಡಿಗಳೂ ಹಾಗೇ ಇವೆ: ಕಡುಬು, ಅಕ್ಕಿರೊಟ್ಟಿ, ನೀರುದೋಸೆ, ಶಾವಿಗೆ. ಮೂರು ಅಕ್ಕಿರೊಟ್ಟಿ, ಮೇಲೆ ಒಂದು ಉಂಡೆ ಬೆಣ್ಣೆ, ಬದಿಯಲ್ಲಿ ಕಾಯಿಚಟ್ನಿ, ಕೊನೆಗೆ ಜೋನಿಬೆಲ್ಲ ಸವರಿದ ನಾಲ್ಕನೆಯ ರೊಟ್ಟಿ. ಈ ತಟ್ಟೆ ಖಾಲಿಯಾಗುವಷ್ಟರಲ್ಲಿ ರಾತ್ರಿಯಿಡೀ ಉಳಿಸಿದ್ದು ಕೈಬಿಟ್ಟು ಹೋಗಿರುತ್ತದೆ. ಏಕಾದಶಿಯ ಫಲಾಹಾರದಲ್ಲೂ ಇದೇ ತೊಂದರೆ. ಅನ್ನ ಬಿಟ್ಟೆವು ಎಂದು ಒಗ್ಗರಣೆ ಅವಲಕ್ಕಿ, ಸಾಬಕ್ಕಿ, ರವೆ ಪಾಯಸ ಎಲ್ಲ ಹೊಟ್ಟೆಗೆ ಇಳಿಯುತ್ತದೆ.

ತಿಂಡಿ ಬದಲಿಸಬೇಕಾಗಿಲ್ಲ, ತಟ್ಟೆಯ ಪಾಲು ಬದಲಿಸಿ. ಒಂದೂವರೆ ರೊಟ್ಟಿ. ಅದಕ್ಕೆ ಒಂದು ಬಟ್ಟಲು ಹೆಸರುಕಾಳು ಪಲ್ಯ, ಇಲ್ಲವೇ ಎರಡು ಬೇಯಿಸಿದ ಮೊಟ್ಟೆ. ಬಸಳೆಯೋ ಹರಿವೆಯೋ ಯಾವುದಾದರೂ ಸೊಪ್ಪು, ತಟ್ಟೆಯ ಅರ್ಧದಷ್ಟು. ಮೊದಲು ಸೊಪ್ಪು ಕಾಳು ತಿನ್ನಿ, ರೊಟ್ಟಿ ಆಮೇಲೆ. ಮಧ್ಯಾಹ್ನಕ್ಕೆ ಹುರುಳಿ ಸಾರು ಮಾಡಿದರೆ ಕಟ್ಟು ಮಾತ್ರ ಬಸಿದುಕೊಳ್ಳಬೇಡಿ, ಕಾಳನ್ನೂ ತಿನ್ನಿ. ಪ್ರೋಟೀನ್ ಇರುವುದು ಅದರಲ್ಲೇ. ನಮ್ಮ ದೇಶದ ಲೆಕ್ಕದಲ್ಲಿ ದೇಹತೂಕದ ಪ್ರತಿ ಕಿಲೊಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 65 ಕಿಲೊ ತೂಕದವರಿಗೆ ಸುಮಾರು 54 ಗ್ರಾಂ. ಒಂದು ಮೊಟ್ಟೆಯಲ್ಲಿ ಇರುವುದು ಆರೇ ಗ್ರಾಂ. ಪ್ರೋಟೀನ್ ಕಡಿಮೆಯಾದರೆ ಕೊಬ್ಬಿನ ಜೊತೆ ಸ್ನಾಯುವೂ ಇಳಿಯುತ್ತದೆ. ಮೀನು ತಿನ್ನುವವರು ಬಂಗುಡೆಯನ್ನು ಹುರಿಯದೆ ಸಾರು ಮಾಡಿಕೊಳ್ಳಲಿ. ರಾತ್ರಿ ಏಳರ ಊಟಕ್ಕೆ ಒಂದೆಲಗದ ತಂಬುಳಿ, ಒಂದು ಹಿಡಿ ಅನ್ನ, ಪಲ್ಯ ಜಾಸ್ತಿ.

ಎಣ್ಣೆಯನ್ನು ಬಾಟಲಿಯಿಂದ ನೇರ ಬಾಣಲೆಗೆ ಸುರಿಯಬೇಡಿ. ಚಮಚದಲ್ಲಿ ಅಳೆದು ಹಾಕಿ. ದೊಡ್ಡ ಚಮಚ ಒಂದಕ್ಕೆ ಸುಮಾರು 120 ಕ್ಯಾಲೊರಿ. ಅದನ್ನು ಕರಗಿಸಲು ಎರಡು ಕಿಲೋಮೀಟರ್‌ಗಿಂತ ಹೆಚ್ಚು ನಡೆಯಬೇಕು. ನಾಲ್ಕು ಜನರ ಮನೆಗೆ ತಿಂಗಳಿಗೆ ಎರಡು ಲೀಟರ್ ಎಣ್ಣೆ ಸಾಕು. ನಿಮ್ಮ ಮನೆಯಲ್ಲಿ ಎಷ್ಟು ಖರ್ಚಾಗುತ್ತಿದೆ ಎಂದು ಈ ತಿಂಗಳ ದಿನಸಿ ಚೀಟಿ ತೆಗೆದು ನೋಡಿ. ತುರಿದ ಕಾಯಿಗೂ ಇದೇ ಕಣ್ಣು ಇರಲಿ: 100 ಗ್ರಾಂ ಹಸಿ ತೆಂಗಿನಕಾಯಿಯಲ್ಲಿ 350ರಷ್ಟು ಕ್ಯಾಲೊರಿ ಇದೆ.

ಹೆಜ್ಜೆ 6: ನೆಂಟರು, ಮದುವೆ, ಅಡಿಕೆ ಕೊನೆ ಕೊಯ್ಲು

‘ಆಸರಿಗೆ (ಬಾಯಾರಿಕೆಗೆ) ಏನು ಕೊಡಲಿ?’ ಎಂದು ಕೇಳುವ ಮನೆಗಳಲ್ಲಿ ಬೇಡ ಎನ್ನುವುದು ಕಷ್ಟ. ನೀರುಮಜ್ಜಿಗೆ ಕೇಳಿ. ಕೊಡುವವರಿಗೂ ಸಮಾಧಾನ, ನಿಮ್ಮ ಲೆಕ್ಕವೂ ದೊಡ್ಡದಾಗಿ ತಪ್ಪದು. ಮದುವೆ ಊಟಕ್ಕೆ ಹೋದ ದಿನ ಅಲ್ಲಿ ಸಂತೋಷವಾಗಿ ಉಂಡು ಬನ್ನಿ, ರಾತ್ರಿ ಹಸಿವಾದರೆ ಮಾತ್ರ ಹಗುರ ಊಟ ಮಾಡಿ. ಮಾರನೇ ದಿನ ಪ್ರಾಯಶ್ಚಿತ್ತ ಎಂದು 24 ಗಂಟೆ ಉಪವಾಸ ಕೂರಬೇಡಿ. ಅದರ ಮುಂದಿನ ಊಟ ಎರಡು ಪಟ್ಟು ಆಗುತ್ತದೆ.

ಕೊಯ್ಲಿನ ತಿಂಗಳುಗಳಲ್ಲಿ ಕೊನೆ ಹೊರುವವರು, ಬೇಯಿಸುವವರು ಇದನ್ನು ಪಕ್ಕಕ್ಕಿಡಿ. ಮರ ಹತ್ತುವವರಂತೂ ಖಾಲಿ ಹೊಟ್ಟೆಯಲ್ಲಿ ಹತ್ತಲೇಬಾರದು. ಮೇಲೆ ತಲೆ ಸುತ್ತಿದರೆ ಜೀವಕ್ಕೇ ಅಪಾಯ. ರಾತ್ರಿ ಹೊತ್ತು ಕೂತು ಅಡಿಕೆ ಸುಲಿಯುವವರು ಸಂಜೆ ಏಳಕ್ಕೇ ಉಂಡುಬಿಟ್ಟರೆ ಹನ್ನೊಂದಕ್ಕೆ ಹಸಿವಾಗುವುದು ಸಹಜ. ಅವರಿಗೆ 12 ಗಂಟೆಯ ಕ್ರಮವೇ ಸರಿ.

ಹೆಜ್ಜೆ 7: ಹನ್ನೆರಡು ವಾರ ನೋಡಿ

ತಿಂಗಳಿಗೆ ಒಂದರಿಂದ ಎರಡು ಕಿಲೊ ಇಳಿಯುತ್ತಿದ್ದರೆ ಸರಿಯಾದ ದಾರಿಯಲ್ಲಿದ್ದೀರಿ. ತೂಕ ನಿಂತು ಸೊಂಟ ಮಾತ್ರ ಇಳಿಯುತ್ತಿದ್ದರೂ ಒಳ್ಳೆಯದೇ. ವಾರಕ್ಕೆ ಎರಡು ಸಲ ಸ್ನಾಯುಗಳಿಗೆ ಕೆಲಸ ಕೊಡಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈ ಕೊಟ್ಟು ದಂಡ ಹೊಡೆಯುವುದು ಮನೆಯಲ್ಲೇ ಆಗುತ್ತದೆ, ಮಳೆಗಾಲದಲ್ಲೂ ತಪ್ಪುವುದಿಲ್ಲ.

ಹನ್ನೆರಡು ವಾರದ ಮೇಲೂ ತೂಕ, ಸೊಂಟ ಎರಡೂ ಕದಲಲಿಲ್ಲ ಎಂದರೆ ಮೂರು ದಿನ ತಿಂದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಅಡುಗೆ ಮಾಡುವಾಗ ರುಚಿ ನೋಡಿದ್ದು, ಮಕ್ಕಳ ತಟ್ಟೆಯಲ್ಲಿ ಉಳಿದದ್ದನ್ನು ಬಾಯಿಗೆ ಹಾಕಿಕೊಂಡದ್ದು, ಎಲ್ಲವೂ ಇರಲಿ. ಮನೆಯ ಹೆಂಗಸರ ಲೆಕ್ಕ ತಪ್ಪುವುದು ಹೆಚ್ಚಾಗಿ ಈ ಎರಡರಿಂದಲೇ. ಹಾಳೆಯಲ್ಲೂ ಕಾರಣ ಸಿಗದಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಹೊಟ್ಟೆ ಉರಿ, ತಲೆನೋವು, ಸಿಡಿಮಿಡಿ ದಿನಾ ಕಾಡುತ್ತಿದ್ದರೆ ಉಪವಾಸ ಬಿಟ್ಟು ಮೂರು ಹೊತ್ತಿನ ಊಟಕ್ಕೇ ಮರಳಿ, ಹೆಜ್ಜೆ 5ರ ತಟ್ಟೆಯನ್ನು ಹಾಗೇ ಉಳಿಸಿಕೊಳ್ಳಿ.