ಇಮ್ಯೂನಿಟಿ ಕಡಿಮೆ ಇರೋರ ಮನೇಲಿ ಥರ್ಮಾಮೀಟರ್ ಕೈಗೆ ಸಿಗೋ ಹಾಗಿರ್ಲಿ

ಕೀಮೋ (ಕ್ಯಾನ್ಸರ್‌ಗೆ ಕೊಡೋ ಔಷಧಿ) ನಡೀತಿರೋರು, ಟ್ರಾನ್ಸ್‌ಪ್ಲಾಂಟ್ ಆಗಿರೋರು, ತುಂಬಾ ದಿನದಿಂದ ಸ್ಟೀರಾಯ್ಡ್ ತಗೊಳ್ತಿರೋರು ಇಲ್ಲಿ ಸುಮಾರು ಜನ ಇದೀರಲ್ಲ, ಅದಕ್ಕೆ ಬರೀತಿದೀನಿ. ನಮ್ಮಂಥೋರಿಗೆ ಜ್ವರ ಅನ್ನೋದು ನಾಳೆ ನೋಡೋಣ ಅನ್ನೋ ವಿಷ್ಯ ಅಲ್ಲ. ಮೈ ಬೆಚ್ಚಗಾದ ಹಾಗೆ ಅನ್ಸಿದ್ರೆ ಮೊದ್ಲು ಥರ್ಮಾಮೀಟರ್ ಇಟ್ಟು ನೋಡಿ, 100.4 ಡಿಗ್ರಿ ಫ್ಯಾರನ್‌ಹೀಟ್ ಅಂದ್ರೆ 38 ಸೆಲ್ಸಿಯಸ್ ಮುಟ್ಟಿದ್ರೆ ರಾತ್ರಿ ಎರಡು ಗಂಟೆ ಆಗಿದ್ರೂ ಸರಿ ಡಾಕ್ಟರಿಗೆ ಫೋನ್ ಮಾಡಿ, ಸಿಗ್ಲಿಲ್ಲ ಅಂದ್ರೆ ಎಮರ್ಜೆನ್ಸಿಗೆ ಹೋಗಿ, ಬೆಳಗಾಗ್ಲಿ ಅಂತ ಕಾಯ್ಬೇಡಿ.

ಇನ್ನೊಂದು, ಜ್ವರ ಎಷ್ಟಿದೆ ಅಂತ ನೋಡ್ದೆ, ಕೇಳ್ದೆ ಪ್ಯಾರಾಸಿಟಮಾಲ್ ನುಂಗ್ಬೇಡಿ. ಅದು ಜ್ವರ ಇಳಿಸುತ್ತೆ ಅಷ್ಟೇ, ಒಳಗಿನ ಇನ್ಫೆಕ್ಷನ್ ಅದರ ಪಾಡಿಗೆ ಅದು ಬೆಳೀತಿರುತ್ತೆ, ನಮಗೆ ಗೊತ್ತೂ ಆಗಲ್ಲ (ನಾನು ಒಂದ್ಸಲ ಇದೇ ಮಾಡಿ ಚೆನ್ನಾಗಿ ಬೈಸ್ಕೊಂಡಿದೀನಿ). ಕೀಮೋ ಆದ ಮೇಲೆ ಸಾಮಾನ್ಯವಾಗಿ 7ರಿಂದ 14ನೇ ದಿನದ ಹೊತ್ತಿಗೆ ಇನ್ಫೆಕ್ಷನ್ ವಿರುದ್ಧ ಹೋರಾಡೋ ಬಿಳಿ ರಕ್ತಕಣ ತೀರಾ ಇಳಿದಿರುತ್ತೆ, ಆಗ ಇನ್ಫೆಕ್ಷನ್ ಇದ್ರೂ ಕೀವು, ಕೆಂಪಾಗೋದು ಇದ್ಯಾವ್ದೂ ಕಾಣಿಸ್ದೇನೂ ಇರಬಹುದು. ಸ್ಟೀರಾಯ್ಡ್ ಅಂತೂ ಜ್ವರಾನೇ ಮುಚ್ಚಿಡಬಹುದು, ಹಾಗಾಗಿ ನಡುಕ ಬಂದ್ರೂ ಹೇಳಿ. ಆದ್ರೆ ಭಯಕ್ಕೆ ಸ್ಟೀರಾಯ್ಡನ್ನ ನೀವಾಗೇ ತಟ್ಟಂತ ನಿಲ್ಲಿಸ್ಬೇಡಿ, ಅದು ಇನ್ನೂ ಅಪಾಯ.

ಲಸಿಕೆ ಹಾಕಿಸ್ಕೊಳ್ಳೋ ಮುಂಚೆ ಇದು ಲೈವ್ ವ್ಯಾಕ್ಸೀನಾ (ಅಂದ್ರೆ ದುರ್ಬಲ ಮಾಡಿದ ಜೀವಂತ ರೋಗಾಣು ಇರೋ ಲಸಿಕೆನಾ) ಅಂತ ಕೇಳಿ. ದಡಾರ, ಚಿಕನ್‌ಪಾಕ್ಸ್ ಲಸಿಕೆ ಲೈವ್, ನಮಗೆ ಸಾಮಾನ್ಯವಾಗಿ ಕೊಡಲ್ಲ. ಫ್ಲೂ ಇಂಜೆಕ್ಷನ್ ಲೈವ್ ಅಲ್ಲ, ಮನೆಯವ್ರೂ ಹಾಕಿಸ್ಕೊಂಡ್ರೆ ಒಳ್ಳೇದು. ಕೆಮ್ತಾ ಬರೋ ನೆಂಟ್ರಿಗೆ ಆಮೇಲೆ ಬನ್ನಿ ಅನ್ನೋಕೆ ಸಂಕೋಚ ಆಗುತ್ತೆ ನಿಜ, ಆದ್ರೂ ಹೇಳ್ಬಿಡಿ.